ಸೆರೆನಾ ವಿಲಿಯಮ್ಸ್ ಬಡವರೇ ಮೇಷ್ಟ್ರೇ?

“ಅಮೆರಿಕದಲ್ಲಿ ಕಪ್ಪು ತಾಯಂದಿರು ಹೆರಿಗೆಯಲ್ಲಿ ಜಾಸ್ತಿ ಸಾಯುತ್ತಾರೆ ಎಂದು ಬರೆದಿದ್ದೀರಿ. ಅದು ಬಡತನದ ಸಮಸ್ಯೆ, ಇಲ್ಲವೇ ವಂಶದ ಗುಣ. ಬಣ್ಣವನ್ನು ಯಾಕೆ ಎಳೆದು ತರುತ್ತೀರಿ?” ಎಂದು ಧಾರವಾಡದ ನಿವೃತ್ತ ಮೇಷ್ಟ್ರೊಬ್ಬರು ಕೇಳಿದ್ದಾರೆ.

ಮೇಷ್ಟ್ರೇ, ಮುತ್ತಿನಂಥ ಅಕ್ಷರದಲ್ಲಿ ಪುಟಗಟ್ಟಲೆ ಬರೆದು ಬೈದಿದ್ದೀರಿ, ಸಂತೋಷ. ಬಡತನ ಆರೋಗ್ಯ ಕೆಡಿಸುತ್ತದೆ, ವಿಮೆ ಇಲ್ಲದವರಿಗೆ ಅಲ್ಲಿನ ಆಸ್ಪತ್ರೆ ಕೈಗೆಟುಕುವುದಿಲ್ಲ. ಒಪ್ಪಿದೆ.

ಆದರೆ ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಬಡವರೇ? 2017ರಲ್ಲಿ ಸಿಸೇರಿಯನ್ ಆದ ಮರುದಿನ ಅವರಿಗೆ ಉಸಿರು ಕಟ್ಟಿತು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಅವರಿಗೆ ಹೊಸದಲ್ಲ, 2011ರಲ್ಲೇ ಅನುಭವಿಸಿದ್ದರು. ಸಿಟಿ ಸ್ಕ್ಯಾನ್ ಮಾಡಿ ಎಂದರು. ನೋವಿನ ಔಷಧಿಗೆ ತಲೆ ಕೆಟ್ಟಿರಬೇಕು ಅಂದುಕೊಂಡರಂತೆ ನರ್ಸ್! ಡಾಕ್ಟರ್ ಬಂದು ಮೊದಲು ಕಾಲಿನ ಅಲ್ಟ್ರಾಸೌಂಡ್ ಮಾಡಿದರು. ಏನೂ ಸಿಗಲಿಲ್ಲ. ಕೊನೆಗೆ ಸ್ಕ್ಯಾನ್ ಮಾಡಿದಾಗ ಹೆಪ್ಪು ಅವರು ಹೇಳಿದ ಜಾಗದಲ್ಲೇ ಇತ್ತು. ಲೋಕಕ್ಕೆಲ್ಲ ಗೊತ್ತಿರುವ ಹೆಂಗಸಿನ ಮಾತಿಗೇ ಇಷ್ಟು ಬೆಲೆ.

2021ರ ಸರಕಾರಿ ಲೆಕ್ಕದಲ್ಲಿ, ಹುಟ್ಟಿದ ಪ್ರತಿ ಲಕ್ಷ ಮಕ್ಕಳಿಗೆ ಸುಮಾರು 70 ಕಪ್ಪು ತಾಯಂದಿರು ಸತ್ತಿದ್ದರು. ಬಿಳಿಯರಲ್ಲಿ ಸುಮಾರು 27.

ಇನ್ನು ವಂಶದ ಗುಣ. 1997ರಲ್ಲಿ ಡೇವಿಡ್, ಕಾಲಿನ್ಸ್ ಎಂಬ ಇಬ್ಬರು ವೈದ್ಯರು ಇಲಿನಾಯ್ ರಾಜ್ಯದ ಶಿಶುಗಳ ತೂಕ ನೋಡಿದರು. ಆಫ್ರಿಕಾದಲ್ಲಿ ಹುಟ್ಟಿ ಅಲ್ಲಿಗೆ ಬಂದ ತಾಯಂದಿರ ಮಕ್ಕಳ ತೂಕ ಬಿಳಿಯರ ಮಕ್ಕಳ ತೂಕಕ್ಕೆ ಹತ್ತಿರವಿತ್ತು. ಅಮೆರಿಕದಲ್ಲೇ ಹುಟ್ಟಿ ಬೆಳೆದ ಕಪ್ಪು ತಾಯಂದಿರ ಮಕ್ಕಳದ್ದು ಕಡಿಮೆ. ವಂಶವೇ ಕಾರಣವಾಗಿದ್ದರೆ ಹೀಗಾಗುತ್ತಿತ್ತೇ? ಕಪ್ಪು ಹೆಂಗಸಿಗೆ ಅಲ್ಲಿ ಅಂಗಡಿಯಲ್ಲಿ ಹಿಂಬಾಲಿಸುವ ಕಣ್ಣು, ಮಗ ಮನೆಗೆ ಬರುವವರೆಗಿನ ಭಯ, ಕೆಲಸದಲ್ಲಿ ನುಂಗಿಕೊಳ್ಳುವ ಮಾತು. ದಿನವೂ ಇದೇ ಆದರೆ ಬಿಪಿ ಏರುತ್ತದೆ, ಮೈ ವಯಸ್ಸಿಗೆ ಮೊದಲೇ ಸವೆಯುತ್ತದೆ. ಅಲ್ಲಿನ ಆರೋಗ್ಯ ಸಂಶೋಧಕಿ ಆರ್ಲೀನ್ ಜೆರೋನಿಮಸ್ 1992ರಿಂದಲೂ ಇದನ್ನೇ ಹೇಳುತ್ತಿದ್ದಾರೆ.

ಬಣ್ಣ ಎಳೆದು ತಂದದ್ದು ನಾನಲ್ಲ ಮೇಷ್ಟ್ರೇ. 1840ರ ದಶಕದಲ್ಲಿ ಅಲಬಾಮಾದ ಡಾಕ್ಟರ್ ಮೇರಿಯನ್ ಸಿಮ್ಸ್ ಅನಾರ್ಕಾ, ಲೂಸಿ, ಬೆಟ್ಸಿ ಎಂಬ ಗುಲಾಮ ಹೆಂಗಸರ ಮೇಲೆ ಅರಿವಳಿಕೆಯಿಲ್ಲದೆ ಮತ್ತೆ ಮತ್ತೆ ಕತ್ತರಿ ಆಡಿಸಿದ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಅವನ ಪ್ರತಿಮೆ ಇಳಿದದ್ದು 2018ರಲ್ಲಿ! ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳುಗಳನ್ನು ನಂಬುವ ವೈದ್ಯ ವಿದ್ಯಾರ್ಥಿಗಳು 2016ರ ವರ್ಜೀನಿಯಾದ ಅಧ್ಯಯನದಲ್ಲೂ ಸಿಕ್ಕರು.

ನಮ್ಮವರ ಮೇಲೂ ನನಗೆ ಸಿಟ್ಟಿದೆ. ಅಮೆರಿಕಕ್ಕೆ ಹೋದ ನೆಂಟರು ಕಪ್ಪು ಜನರಿರುವ ಕಡೆ ತೋರಿಸಿ ಮೊದಲು ಹೇಳಿಕೊಡುವ ಪಾಠವೇ “ಆ ಏರಿಯಾ ಕಡೆ ಹೋಗ್ಬೇಡಿ”, ಅಲ್ವಾ? ಅಲ್ಲಿನ ಆಸ್ಪತ್ರೆಗಳಲ್ಲಿ ಕನ್ನಡದ ಡಾಕ್ಟರುಗಳು ಎಷ್ಟು ಜನ ಇದ್ದಾರೆ! ಹೆರಿಗೆ ವಾರ್ಡಿನಲ್ಲಿ ಕಂಡದ್ದನ್ನು ಬರೆದು ಕಳಿಸಿದರೆ ಪೂರ್ತಿ ಅಚ್ಚು ಹಾಕುತ್ತೇನೆ. ಸದ್ಯಕ್ಕೆ ಅಲ್ಲಿಂದ ಬರುತ್ತಿರುವುದು ಗಣೇಶನ ಹಬ್ಬದ ಫೋಟೋಗಳು ಮಾತ್ರ.