ಗೆಳೆಯರೇ ಕೆಡಿಸಿದ್ರು ಅನ್ನೋ ಮುಂಚೆ

ಪ್ರಶ್ನೆ: ಮಗ ಸೆಕೆಂಡ್ ಪಿಯುಸಿ. ಟ್ಯೂಷನ್ ಮುಗಿಸಿ ಬಂದವನ ಬಾಯಲ್ಲಿ ಬಿಯರ್ ವಾಸನೆ. ನಾವು ತುಂಬಾ ಸ್ಟ್ರಿಕ್ಟ್, ಆದರೂ ಗೆಳೆಯರು ಕೆಡಿಸಿದರು. ಅವರ ಸಹವಾಸ ಬಿಡಿಸುವುದು ಹೇಗೆ ಡಾಕ್ಟ್ರೇ?
- ಒಬ್ಬ ತಂದೆ, ದಾವಣಗೆರೆ

ಉತ್ತರ: ಇದೇ ಪತ್ರ ಹರಿಹರದಿಂದಲೂ ಬರುತ್ತದೆ, ಚನ್ನಗಿರಿಯಿಂದಲೂ ಬರುತ್ತದೆ. ಎಲ್ಲರ ಮಗನನ್ನೂ ಬೇರೆಯವರ ಮಗನೇ ಕೆಡಿಸಿರುತ್ತಾನೆ! ಆ ಹುಡುಗರ ಅಪ್ಪಂದಿರು ನಿಮ್ಮ ಮಗನ ಬಗ್ಗೆ ಏನು ಹೇಳುತ್ತಿರಬಹುದು, ಯೋಚಿಸಿ. ಈ ವಯಸ್ಸಿನಲ್ಲಿ ಗೆಳೆಯರ ಪ್ರಭಾವ ಜಾಸ್ತಿ, ನಿಜ. ಆದರೆ ಹುಡುಗನೂ ತನಗೆ ಒಗ್ಗುವ ಗುಂಪನ್ನೇ ಹುಡುಕಿಕೊಂಡು ಹೋಗುತ್ತಾನೆ.

ಸ್ಟ್ರಿಕ್ಟ್ ಅಂದಿರಿ. ಬರೀ ಹುಕುಂ ಮಾಡುವುದು ಬೇರೆ, ನಿಯಮ ಇಟ್ಟು ಕಾರಣ ಹೇಳಿ ಮಗುವಿನ ಮಾತನ್ನೂ ಕೇಳುವುದು ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್‌ರಿಂಡ್ 1960ರ ದಶಕದಲ್ಲೇ ಈ ವ್ಯತ್ಯಾಸ ತೋರಿಸಿದರು. ಎರಡನೇ ಬಗೆಯ ಮನೆಗಳ ಮಕ್ಕಳಲ್ಲಿ ಕುಡಿತ ಕಡಿಮೆ ಎಂದು ಆಮೇಲಿನ ಹಲವು ಅಧ್ಯಯನಗಳು ಹೇಳಿವೆ. 2000ದಲ್ಲಿ ಬಂದ ಸ್ವೀಡನ್ನಿನ ಅಧ್ಯಯನವೊಂದರ ಪ್ರಕಾರ, ಮಕ್ಕಳ ಓಡಾಟದ ಬಗ್ಗೆ ಹೆತ್ತವರಿಗೆ ಗೊತ್ತಿರುವುದೆಲ್ಲ ಹೆಚ್ಚಾಗಿ ಮಕ್ಕಳೇ ಬಂದು ಹೇಳಿದ್ದು, ಪತ್ತೇದಾರಿ ಮಾಡಿ ತಿಳಿದದ್ದಲ್ಲ. ಹಾಗಾಗಿ ಮೊಬೈಲ್ ಕಸಿದು ಮೆಸೇಜ್ ಓದಬೇಡಿ. ಇರೋ ಒಂದು ದಾರಿಯೂ ಮುಚ್ಚಿಹೋಗುತ್ತದೆ.

ಅಮಲಿನಲ್ಲಿದ್ದಾಗ ಮಾತಾಡಿ ಪ್ರಯೋಜನವಿಲ್ಲ. ಬೆಳಿಗ್ಗೆ ಅವನೊಬ್ಬನನ್ನೇ ಕೂರಿಸಿಕೊಂಡು ಕೇಳಿ: ಎಲ್ಲಿ, ಎಷ್ಟು, ಬರುವಾಗ ಗಾಡಿ ಓಡಿಸಿದ್ದು ಯಾರು? ನಡುವೆ ಬಾಯಿ ಹಾಕಬೇಡಿ. ಆಮೇಲೆ ಸ್ಪಷ್ಟವಾಗಿ ಹೇಳಿ: ಕುಡಿಯುವಂತಿಲ್ಲ. ಯಾರಾದರೂ ಕುಡಿದಿದ್ದರೆ ಅವರ ಗಾಡಿ ಹತ್ತಬೇಡ, ಎಷ್ಟೊತ್ತಾದರೂ ಫೋನ್ ಮಾಡು, ನಾನೇ ಬರ್ತೀನಿ, ಅವತ್ತು ರಾತ್ರಿ ಬೈಯಲ್ಲ. ಈ ಮಾತು ಕೊಟ್ಟರೆ ಉಳಿಸಿಕೊಳ್ಳಿ. ಬೈಕ್ ಕೀಲಿ ಮಾತ್ರ ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ. ನನ್ನದು ಅತಿ ಎಚ್ಚರ ಅನ್ನಿಸಬಹುದು, ಅನ್ನಿಸಲಿ. ಆ ಗೆಳೆಯರನ್ನು ಒಂದು ಭಾನುವಾರ ಮನೆಗೆ ಕರೆದು ಊಟ ಹಾಕಿ. ನೀವು ಕುಡಿಯುತ್ತೀರೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ. ಕುಡಿಯುವುದಾದರೆ ಮೊದಲು ಅದನ್ನು ನಿಲ್ಲಿಸಿ.

ಪ್ರಶ್ನೆ: ಬಿಯರ್ ಅಷ್ಟೇ ಅಲ್ವಾ? (ಹೊಳಲ್ಕೆರೆ)
ಉತ್ತರ: ಶೇ. 8ರ ಸ್ಟ್ರಾಂಗ್ ಬಿಯರ್, 650 ಎಂ.ಎಲ್. ಬಾಟಲಿ ಒಂದು ಕುಡಿದರೆ 30 ಎಂ.ಎಲ್.ನ ನಾಲ್ಕು ಪೆಗ್ ವಿಸ್ಕಿ ಕುಡಿದಂತೆ.

ಪ್ರಶ್ನೆ: ಮನೆಯಲ್ಲೇ ಸ್ವಲ್ಪ ಕೊಟ್ಟು ರೂಢಿ ಮಾಡಿಸಿದರೆ? (ಚಿತ್ರದುರ್ಗ)
ಉತ್ತರ: ಬೇಡ. 18 ತುಂಬದವರಿಗೆ ಮದ್ಯ ಕೊಡುವುದು ಬಾಲನ್ಯಾಯ ಕಾಯ್ದೆ, 2015ರ ಪ್ರಕಾರ ಅಪರಾಧ, 7 ವರ್ಷದವರೆಗೆ ಜೈಲಿದೆ.

ಪ್ರಶ್ನೆ: ಗೊತ್ತಾಗದ ಹಾಗೆ ಸಾರಿಗೆ ಬೆರೆಸಿದರೆ ಕುಡಿತ ಬಿಡಿಸುವ ಪುಡಿ ಇದೆಯಂತೆ? (ಜಗಳೂರು)
ಉತ್ತರ: ಮಾರುವವರು ಏನು ಬೆರೆಸಿದ್ದಾರೋ ಯಾರಿಗೆ ಗೊತ್ತು? ಅದರಲ್ಲಿ ಡೈಸಲ್ಫಿರಾಮ್ (ಕುಡಿತ ಬಿಡಿಸಲು ವೈದ್ಯರು ಕೊಡುವ ಔಷಧ) ಇದ್ದು, ಅದರ ಮೇಲೆ ಕುಡಿದರೆ ಬಿ.ಪಿ. ಕುಸಿದು ಜೀವವೇ ಹೋಗಬಹುದು. ಆ ಪುಡಿ ಎಸೆಯಿರಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.