ಕರೆಂಟ್ ಹೋದಾಗ ಮೀನಿಗೋಸ್ಕರ ಇನ್ವರ್ಟರ್ ಹಾಕಿಸಬೇಕಾ?

ಸಕಲೇಶಪುರದಲ್ಲಿ ಮನೆ, ಮೂರಡಿ ಟ್ಯಾಂಕ್, ಆರು ಗೋಲ್ಡ್‌ಫಿಶ್. ಮಳೆಗಾಲದಲ್ಲಿ ಆರೇಳು ಗಂಟೆ ಕರೆಂಟ್ ಇರೋದಿಲ್ಲ, ಒಮ್ಮೊಮ್ಮೆ ಎರಡು ದಿನ. ಮೀನಿಗೋಸ್ಕರ ಇನ್ವರ್ಟರ್ ಹಾಕಿಸಬೇಕಾ ಅಂತ ಕೇಳಿದ್ದೀರಿ. ನಾನಿರೋದು ತೀರ್ಥಹಳ್ಳಿ ಕಡೆ, ನಮ್ಮದೂ ಅದೇ ಕಥೆ. ಗಾಳಿ ಬೀಸಿ ಲೈನ್ ಮೇಲೆ ಒಂದು ಮರ ಬಿದ್ದರೆ ಮುಗೀತು. ಆದರೂ ಬರೀ ಮೀನಿಗೆ ಅಂತ 20,000 ರೂಪಾಯಿಯ ಆಸುಪಾಸು ಸುರಿಯಬೇಡಿ. ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್ ತಗೊಳ್ಳಿ.

ಕರೆಂಟ್ ಹೋದರೆ ಟ್ಯಾಂಕ್‌ನಲ್ಲಿ ಎಲ್ಲವೂ ನಿಲ್ಲುತ್ತದೆ ನಿಜ, ಆದರೆ ಎಲ್ಲದಕ್ಕೂ ಅವಸರ ಇಲ್ಲ. ಲೈಟ್ ಬೇಡವೇ ಬೇಡ. ಗೋಲ್ಡ್‌ಫಿಶ್ ತಣ್ಣೀರಿನ ಮೀನು, ಹೀಟರ್ ಕೂಡ ಬೇಡ. ಫಿಲ್ಟರ್ ಕೆಲವು ಗಂಟೆ ನಿಂತರೂ ನೀರು ತಕ್ಷಣ ಕೆಡುವುದಿಲ್ಲ. ಮೊದಲು ಕಡಿಮೆಯಾಗುವುದು ಆಕ್ಸಿಜನ್. ನೀರಿನ ಮೇಲ್ಭಾಗ ಅಲುಗಾಡುತ್ತಿದ್ದರೆ ಮಾತ್ರ ಅದು ಚೆನ್ನಾಗಿ ಸೇರುತ್ತದೆ. ಏರ್ ಪಂಪ್ ಬಿಡುವ ಗುಳ್ಳೆಗಳ ಮುಖ್ಯ ಕೆಲಸವೂ ಅದೇ, ಕೆಳಗಿನ ನೀರನ್ನು ಮೇಲೆ ತಂದು ಕಲಕುವುದು.

ಮಳೆಗಾಲ ನಿಮಗೆ ಸ್ವಲ್ಪ ಅನುಕೂಲವೇ. ತಣ್ಣಗಿನ ನೀರು ಜಾಸ್ತಿ ಆಕ್ಸಿಜನ್ ಹಿಡಿದಿಟ್ಟುಕೊಳ್ಳುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ಹಾಗಾಗಿ ಏಪ್ರಿಲ್ ಸೆಖೆಯಲ್ಲಿ ಎರಡು ಗಂಟೆ ಕರೆಂಟ್ ಹೋದರೂ ಮೀನಿನ ಮೇಲೆ ಕಣ್ಣಿಡಿ. ಉಸಿರು ಕಟ್ಟಿದಾಗ ಅವು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಾ ನಿಲ್ಲುತ್ತವೆ, ಕಿವಿರು ಪಟಪಟ ಬಡಿಯುತ್ತದೆ. ಗಿಡ ಇದೆಯಲ್ಲ, ಅದೇ ಆಕ್ಸಿಜನ್ ಕೊಡುತ್ತೆ ಅಂದ್ಕೋಬೇಡಿ. ಕತ್ತಲಲ್ಲಿ ಗಿಡವೂ ಆಕ್ಸಿಜನ್ ಬಳಸಿಕೊಳ್ಳುತ್ತದೆ.

ಈಗ ಪಂಪ್ ವಿಷಯ. ಒಳಗೇ ಲಿಥಿಯಂ ಬ್ಯಾಟರಿ ಇರುವ ಏರ್ ಪಂಪ್ ಸಿಗುತ್ತದೆ. ಪ್ಲಗ್‌ಗೆ ಹಾಕಿಟ್ಟರೆ ಚಾರ್ಜ್ ಆಗುತ್ತಿರುತ್ತದೆ, ಕರೆಂಟ್ ಹೋದ ತಕ್ಷಣ ತಾನೇ ಶುರುವಾಗುತ್ತದೆ. ಈ ತಾನೇ ಶುರುವಾಗುವ ಸೌಲಭ್ಯ ಎಲ್ಲದರಲ್ಲೂ ಇರಲ್ಲ, ಕೇಳಿ ತಗೊಳ್ಳಿ. ಹಗಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಇದೇ ಬೇಕು. ಬಾಕ್ಸ್ ಮೇಲೆ ಬರೆದಿರುವ ಗಂಟೆ ನಂಬಬೇಡಿ. ಒಂದು ಭಾನುವಾರ ಪ್ಲಗ್ ಕಿತ್ತು ಎಷ್ಟು ಹೊತ್ತು ಬರುತ್ತದೆ ಅಂತ ನೀವೇ ನೋಡಿ.

ಇನ್ನೊಂದು ದಾರಿ, ಸಣ್ಣ ಯುಎಸ್‌ಬಿ ಏರ್ ಪಂಪ್ ಮತ್ತು ಮನೆಯಲ್ಲೇ ಇರುವ ಪವರ್ ಬ್ಯಾಂಕ್. ನನಗೆ ಹೆಚ್ಚು ಇಷ್ಟ ಇದು. 10,000 ಎಂಎಎಚ್ ಅಂದರೆ 37 ವಾಟ್ ಅವರ್, ಅದರಲ್ಲಿ ಕೈಗೆ ಸಿಗೋದು 25ರ ಹತ್ತಿರ. ಪಂಪ್ ಎರಡು ವಾಟ್ ಎಳೆದರೂ 12 ಗಂಟೆ ಆರಾಮಾಗಿ ಓಡುತ್ತದೆ. ಕೆಲವು ಪವರ್ ಬ್ಯಾಂಕ್‌ಗಳು ಮಾತ್ರ, ಲೋಡ್ ತೀರಾ ಕಡಿಮೆ ಅಂತ ಸ್ವಲ್ಪ ಹೊತ್ತಿಗೆ ತಾವೇ ಆಫ್ ಆಗಿಬಿಡುತ್ತವೆ. ಅದನ್ನೂ ಮೊದಲೇ ನೋಡಿಕೊಳ್ಳಿ. ಈ ಪಂಪ್‌ಗಳಿಗೆ ಜೋರು ಕಡಿಮೆ. ಏರ್ ಸ್ಟೋನ್ (ಟ್ಯೂಬಿನ ತುದಿಗೆ ಹಾಕುವ, ಗುಳ್ಳೆ ಬಿಡುವ ಸಣ್ಣ ಕಲ್ಲು) ತಳಕ್ಕೆ ಬಿಟ್ಟರೆ ಗುಳ್ಳೆ ಬರೋದೇ ಕಷ್ಟ, ಅರ್ಧ ಆಳದಲ್ಲಿ ನೇತುಹಾಕಿ. ಆರು ಗೋಲ್ಡ್‌ಫಿಶ್‌ಗೆ ಇಂಥವು ಎರಡು ಇರಲಿ. ಸುಮ್ನೆ ಹೇಳ್ತೀನಿ ಬೇಜಾರು ಮಾಡ್ಕೋಬೇಡಿ, ಮೂರಡಿ ಟ್ಯಾಂಕ್‌ಗೆ ಆರು ಜಾಸ್ತಿಯೇ ಆಯ್ತು.

ಯಾವ ಪಂಪ್ ಆದರೂ ಟ್ಯೂಬ್‌ನಲ್ಲಿ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿ. ಇಲ್ಲದಿದ್ದರೆ ಪಂಪ್ ನಿಂತಾಗ ಟ್ಯಾಂಕ್ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪ್ ಒಳಗೆ, ಅಲ್ಲಿಂದ ನೆಲಕ್ಕೆ ಇಳಿಯಬಹುದು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಟ್ಟರೂ ಆಗುತ್ತದೆ.

ಮನೆಯಲ್ಲಿ ಈಗಾಗಲೇ ಇನ್ವರ್ಟರ್ ಇದ್ದರೆ ಮಾತು ಬೇರೆ, ಏರ್ ಪಂಪ್ ಮತ್ತು ಫಿಲ್ಟರ್ ಎರಡನ್ನೂ ಅದರ ಲೈನಿಗೆ ಕೊಟ್ಟುಬಿಡಿ. ಎರಡೂ ಸೇರಿ 20 ವಾಟ್ ಇರಬಹುದು, 150 ಎಎಚ್ ಬ್ಯಾಟರಿಗೆ ಅದೇನೂ ಭಾರ ಅಲ್ಲ. ಸೈನ್ ವೇವ್ ಇನ್ವರ್ಟರ್ ಆದರೆ ಒಳ್ಳೆಯದು. ಸ್ಕ್ವೇರ್ ವೇವ್‌ನಲ್ಲಿ ಫಿಲ್ಟರ್ ಮೋಟರ್ ಗುಂಯ್‌ಗುಟ್ಟುತ್ತದೆ, ಬಿಸಿಯೂ ಆಗುತ್ತದೆ. ಕಂಪ್ಯೂಟರ್ ಯುಪಿಎಸ್ ಬೇಡ. ಒಳಗಿರುವ 12 ವೋಲ್ಟ್ 7 ಎಎಚ್ ಬ್ಯಾಟರಿಯಲ್ಲಿ ಒಂದು ಪಾಲು ಯುಪಿಎಸ್‌ಗೇ ಹೋಗುತ್ತದೆ. ಜೊತೆಗೆ ರಾತ್ರಿಯಿಡೀ ಪೀಂ ಪೀಂ.

ಎರಡು ದಿನ ಹೋಗುವ ಕರೆಂಟ್‌ಗೆ ತಯಾರಿ ಬೇರೆ. ಪವರ್ ಬ್ಯಾಂಕ್ ಅನ್ನು ಕಾರಿನಲ್ಲಿ ಚಾರ್ಜ್ ಮಾಡಬಹುದು. ಮೀನಿಗೆ ಊಟ ಹಾಕಬೇಡಿ, ಎರಡು ದಿನ ಉಪವಾಸ ಇದ್ದರೆ ಅವಕ್ಕೇನೂ ಆಗಲ್ಲ. ಹಾಕಿದರೆ ಮಾತ್ರ ಕಸ, ಮೀನಿಗೆ ವಿಷವಾಗುವ ಅಮೋನಿಯ ಎರಡೂ ಏರುತ್ತವೆ. ಫಿಲ್ಟರ್ ಸ್ಪಂಜಿನಲ್ಲಿ ಆ ಅಮೋನಿಯ ಕಡಿಮೆ ಮಾಡುವ ಬ್ಯಾಕ್ಟೀರಿಯಾ ಇರುತ್ತವೆ, ಅವಕ್ಕೂ ಆಕ್ಸಿಜನ್ ಬೇಕು. ಅದಕ್ಕೇ ಸ್ಪಂಜನ್ನು ಫಿಲ್ಟರಿನಿಂದ ತೆಗೆದು ಟ್ಯಾಂಕ್ ಒಳಗೇ, ಗುಳ್ಳೆ ಬರುವ ಜಾಗದ ಪಕ್ಕ ಇಡಿ. ಹೊರಗಿಡುವ ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಇದ್ದರೆ, ಕರೆಂಟ್ ಬಂದ ಖುಷಿಗೆ ಹಾಗೇ ಆನ್ ಮಾಡಬೇಡಿ. ಗಂಟೆಗಟ್ಟಲೆ ನಿಂತು ಕೊಳೆತ ನೀರೆಲ್ಲ ಸೀದಾ ಮೀನಿನ ಮೇಲೆ ಬರುತ್ತದೆ. ಆ ನೀರು ಚೆಲ್ಲಿ, ಸ್ಪಂಜನ್ನು ಬಕೆಟ್‌ನಲ್ಲಿ ಟ್ಯಾಂಕ್ ನೀರಿನಲ್ಲೇ ಅದ್ದಿ ತೆಗೆದು, ಆಮೇಲೆ ಹಾಕಿ. ಕಾಲು ಭಾಗ ನೀರೂ ಬದಲಾಯಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದು ಹಾಕಿ.

ಗಾಜಿನ ಅಂಚಿಗೆ ನೇತುಹಾಕುವ ಫಿಲ್ಟರ್ ಆದರೆ ಕರೆಂಟ್ ಬಂದ ಮೇಲೆ ಒಮ್ಮೆ ಹತ್ತಿರ ಹೋಗಿ ನೋಡಿ. ಕೆಲವು ನೀರು ಎಳೆಯದೆ ಬರೀ ಸದ್ದು ಮಾಡುತ್ತಿರುತ್ತವೆ, ಒಣಗಿ ಓಡಿದರೆ ಮೋಟರ್ ಸುಡುತ್ತದೆ. ಅದರ ಪೆಟ್ಟಿಗೆಗೆ ಒಂದು ಮಗ್ ನೀರು ಹಾಕಿ, ಮತ್ತೆ ಎಳೆಯಲು ಶುರು ಮಾಡುತ್ತದೆ.

ಪಂಪ್ ಬರುವಷ್ಟರಲ್ಲಿ ಕರೆಂಟ್ ಹೋದರೆ ಅದೇ ಮಗ್‌ನಲ್ಲಿ ಟ್ಯಾಂಕ್ ನೀರು ಎತ್ತಿ, ಒಂದಡಿ ಮೇಲಿಂದ ವಾಪಸ್ ಸುರಿಯಿರಿ. ಐದು ನಿಮಿಷ ಸುರಿದು ಅರ್ಧ ಗಂಟೆ ಬಿಟ್ಟು ಮತ್ತೆ ಐದು ನಿಮಿಷ. ಕೈ ನೋಯುತ್ತೆ, ಆದರೆ ಕೆಲಸ ಆಗುತ್ತೆ. ಸೋಪಿನ ಮಗ್ ಮಾತ್ರ ಬೇಡ.