ಆರನೇ ಪುಟದಿಂದ ಶುರು ಮಾಡಿ

ಪ್ರಿಯ ಮಿತ್ರರೇ, ಶರಣು.

ನಿಮ್ಮ ‘ನಭೋಯಾನ ನಕ್ಷೆಗಳು: ಒಂದು ಅವಲೋಕನ’ ಬಂದು ಹದಿನೈದು ದಿನ ಆಯ್ತು. ಉತ್ತರ ತಡವಾಗಿದ್ದಕ್ಕೆ ಬೇಸರ ಬೇಡ. ಮೂರು ಸಲ ಓದಿದೆ. ಈಗಿರುವ ಹಾಗೆ ಇದನ್ನು ನಾವು ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ. ನಮ್ಮ ಕಲಬುರಗಿಯವರೇ ಒಬ್ಬರು ಪೈಲಟ್ ತರಬೇತಿಯಲ್ಲಿದ್ದುಕೊಂಡು, ನೆಲದಿಂದ ದಾರಿ ತೋರುವ ರೇಡಿಯೋ ಬೀಕನ್ ನಂಬಿ ಹಾರುವವರ ಕಣ್ಣಿಗೆ ಚಾರ್ಟ್, ಅಂದರೆ ಹಾರುವ ದಾರಿಯ ನಕ್ಷೆ, ಹೇಗೆ ಕಾಣಬೇಕು ಅಂತ ಕನ್ನಡದಲ್ಲಿ ಬರೆದಿದ್ದೀರಿ. ಇಂಥ ಬರಹ ನನ್ನ ಮೇಜಿಗೆ ಹಿಂದೆ ಬಂದಿರಲಿಲ್ಲ.

ಮೊದಲ ಎರಡು ಪುಟ ಹೊಡೆದು ಹಾಕಿ. ರೈಟ್ ಸಹೋದರರು 1903ರಲ್ಲಿ ಹಾರಿದ್ದು ಎಲ್ಲರಿಗೂ ಗೊತ್ತು, ನಿಮ್ಮ ಮಾತಿಗೆ ಅದು ಬೇಕಾಗಿಯೂ ಇಲ್ಲ. ಆ ಪುಟಗಳಲ್ಲಿ ಉಳಿಸಬೇಕಾದವರು ಎಲ್ರೇ ಜೆಪ್ಪೆಸನ್ ಒಬ್ಬರೇ. ಹತ್ತು ಸೆಂಟಿನ ನೋಟ್‌ಬುಕ್ ಕೊಂಡು, ತಾನು ಇಳಿಯುವ ಮೈದಾನ ಎಷ್ಟು ಉದ್ದ, ಪಕ್ಕದ ಗುಡ್ಡ ಎಷ್ಟು ಎತ್ತರ, ಹವಾಮಾನ ಕೇಳಲು ಯಾವ ರೈತನಿಗೆ ಫೋನ್ ಮಾಡಬೇಕು ಅಂತೆಲ್ಲ ಬರೆದಿಟ್ಟುಕೊಂಡ ಪೈಲಟ್ ಅವರು. 1934ರಲ್ಲಿ ಅದನ್ನೇ ಹತ್ತು ಡಾಲರಿಗೆ ಒಂದರಂತೆ ಮಾರತೊಡಗಿದರು. ತನಗೆ ಬೇಕಾದದ್ದನ್ನು ತಾನೇ ಬರೆದುಕೊಂಡವನಿಂದ ಈ ಚಾರ್ಟುಗಳು ಬೆಳೆದವು. ಅದು ನಿಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟದ್ದು.

ಇನ್ನು ಭಾಷೆ. ‘ಅತ್ಯುಚ್ಚ ಆವರ್ತನ ಸರ್ವದಿಶಾ ಸೂಚಕ’ ಅಂತ ಹನ್ನೊಂದು ಕಡೆ ಬರೆದಿದ್ದೀರಿ. ನೀವು, ನಿಮ್ಮ ಗೆಳೆಯರು ಇದನ್ನು ಏನಂತ ಕರೆಯುತ್ತೀರಿ? ವಿಓಆರ್ ಅಂತ ತಾನೇ? ಹಾಗೇ ಬರೆಯಿರಿ. ಮೊದಲ ಸಲ ಬಂದಾಗ ಒಂದು ಮಾತು ಬಿಡಿಸಿ ಹೇಳಿ: ಅದೂ ಒಂದು ಬೀಕನ್, ನೆಲದ ಮೇಲಿನ ರೇಡಿಯೋ ಕೇಂದ್ರ, ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಅದರಿಂದ ಸುತ್ತಲೂ 360 ಗೆರೆ ಹೊರಡುತ್ತವೆ, ಒಂದೊಂದು ಗೆರೆಗೂ ರೇಡಿಯಲ್ ಅಂತ ಹೆಸರು. ಅಷ್ಟು ಸಾಕು, ಓದುಗರು ನಿಮ್ಮ ಜೊತೆ ಬರುತ್ತಾರೆ.

ಎರಡು ತಪ್ಪುಗಳಿವೆ. ವಿಓಆರ್ ಎಷ್ಟು ದೂರದಿಂದ ಬೇಕಾದರೂ ಸಿಗುತ್ತದೆ ಅಂದಿದ್ದೀರಿ. ಸಿಗುವುದಿಲ್ಲ. ಅದರ ಅಲೆ ನೇರವಾಗಿ ಹೋಗುತ್ತದೆ, ಭೂಮಿ ಬಾಗಿದೆ. ಬೀಕನ್ನಿಗಿಂತ 1,000 ಅಡಿ ಮೇಲಿದ್ದರೆ ಸುಮಾರು 70 ಕಿ.ಮೀ., ಅಷ್ಟೇ.

ಎರಡನೇ ತಪ್ಪು ದೊಡ್ಡದು. ಕಲಬುರಗಿಯಲ್ಲಿ ಒಂದು ಬೀಕನ್ ಇದೆ ಅಂದುಕೊಂಡು, ಬೀದರಿನಿಂದ ಬರುವ ವಿಮಾನ 230ರ ರೇಡಿಯಲ್ ಮೇಲಿರುತ್ತದೆ ಅಂತ ಬರೆದಿದ್ದೀರಿ. ರೇಡಿಯಲ್ ಎಣಿಸುವುದು ಯಾವಾಗಲೂ ಬೀಕನ್ನಿನಿಂದ ಹೊರಕ್ಕೆ, ಉತ್ತರದಿಂದ ಶುರುಮಾಡಿ ಗಡಿಯಾರದ ಮುಳ್ಳಿನ ಹಾಗೆ ಬಲಕ್ಕೆ. ಬೀದರ್ ನಮಗೆ ಈಶಾನ್ಯಕ್ಕಿದೆ. ಹಾಗಾಗಿ ಆ ವಿಮಾನ ಇರುವುದು 50ರ ಆಸುಪಾಸಿನ ರೇಡಿಯಲ್ ಮೇಲೆ, ಅದರ ಮೂತಿ ಮಾತ್ರ 230ರ ಕಡೆ. ಹಾರುವುದು ನಿಮಗೆ ಗೊತ್ತು, ಬರೆಯುವಾಗ ಕೈ ತಪ್ಪಿದೆ. ಆದರೆ ನೋಡಿ, ಚಾರ್ಟಿನಲ್ಲಿ ಬೀಕನ್ನಿನ ಸುತ್ತ ಡಿಗ್ರಿ ಹಾಕಿದ ಚಕ್ರ ಯಾಕೆ ಬೇಕು ಅನ್ನೋದು ಈ ತಪ್ಪಿನಲ್ಲೇ ಇದೆ. ತಲೆಯಲ್ಲಿ ಲೆಕ್ಕ ಹಾಕುವ ಬದಲು, ಗೆರೆ ಚಕ್ರವನ್ನು ಎಲ್ಲಿ ಕತ್ತರಿಸುತ್ತದೋ ಅಲ್ಲಿನ ಅಂಕಿ ಓದಿದರಾಯ್ತು. ಅದನ್ನು ಐದು ಡಿಗ್ರಿ ತಪ್ಪಾಗಿ ಓದಿದರೆ? ಇಲ್ಲಿಂದ ಬೀದರಿಗೆ ನೇರ ದಾರಿ ನೂರು ಕಿ.ಮೀ. ಹತ್ತಿರ. ಅಲ್ಲಿ ಮುಟ್ಟುವ ಹೊತ್ತಿಗೆ ಎಂಟು ಕಿ.ಮೀ.ಗೂ ಜಾಸ್ತಿ ಪಕ್ಕಕ್ಕೆ ಹೋಗಿರುತ್ತೀರಿ. ಈ ಲೆಕ್ಕ ಲೇಖನದಲ್ಲಿ ಬರಲಿ. ಕೋಟೆ ಎಲ್ಲಿ, ತಾವು ಎಲ್ಲಿ ಅಂತ ನಮ್ಮ ಓದುಗರಿಗೆ ಥಟ್ಟನೆ ಹೊಳೆಯುತ್ತದೆ.

ನಾಲ್ಕನೇ ಪುಟದಲ್ಲಿ ಬೀಕನ್ನಿನ ಪಕ್ಕದ ಚಿಕ್ಕ ಚೌಕದಲ್ಲಿ ಏನೇನಿರುತ್ತದೆ ಅಂತ ಪಟ್ಟಿ ಕೊಟ್ಟಿದ್ದೀರಿ: ಹೆಸರು, ಫ್ರೀಕ್ವೆನ್ಸಿ, ಗುರುತಿನ ಮೂರು ಅಕ್ಷರ, ಆ ಅಕ್ಷರಗಳ ಮೋರ್ಸ್ ಚುಕ್ಕೆ-ಗೆರೆ. ಪಟ್ಟಿ ಬೇಡ. ಒಬ್ಬ ಪೈಲಟ್ ಅದನ್ನು ಬಳಸುವುದನ್ನು ತೋರಿಸಿ. ಸೀಟು ಅದುರುತ್ತಿದೆ. 113.3 ಇದೆಯೋ 113.8 ಇದೆಯೋ ಕಣ್ಣಿಗೆ ಹತ್ತುತ್ತಿಲ್ಲ. ಒಂದಕ್ಕೆ ಗುಂಡಿ ತಿರುಗಿಸುತ್ತಾನೆ. ಹೆಡ್‌ಸೆಟ್‌ನಲ್ಲಿ ಆ ಬೀಕನ್ನಿನ ಅಕ್ಷರಗಳು ಮೋರ್ಸ್‌ನಲ್ಲಿ ಬೀಪ್ ಬೀಪ್ ಅಂತ ಬರುತ್ತವೆ. ಮೋರ್ಸ್ ಬಾಯಿಪಾಠ ಇಲ್ಲದಿದ್ದರೂ ಚಿಂತೆಯಿಲ್ಲ, ಚಾರ್ಟಿನ ಚುಕ್ಕೆ-ಗೆರೆ ನೋಡುತ್ತಾ ತಾಳೆ ಹಾಕುತ್ತಾನೆ. ಕಣ್ಣು ತಪ್ಪಿದ್ದನ್ನು ಕಿವಿ ಹಿಡಿಯುತ್ತದೆ.

ಈಗ ಆರನೇ ಪುಟ. ಮೊದಲ ರಾತ್ರಿ ಹಾರಾಟದ ಹಿಂದಿನ ಸಂಜೆ ಚಾರ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ದಾರಿ ಎಳೆದುಕೊಂಡಿರಿ. ಮೇಲೆ ಹೋಗಿ ಕೆಂಪು ಟಾರ್ಚ್ ಬಿಟ್ಟಾಗ ಗೆರೆಯೇ ಇರಲಿಲ್ಲ. ಇದನ್ನು ಎರಡೇ ಸಾಲಲ್ಲಿ ಮುಗಿಸಿದ್ದೀರಲ್ಲ! ಅವತ್ತು ರಾತ್ರಿ ನಾನು ಮೊಬೈಲ್ ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತಿ, ಲೈಟ್ ಆರಿಸಿ, ನಮ್ಮದೇ ಪತ್ರಿಕೆಯ ಮುಖಪುಟ ನೋಡಿದೆ. ಕೆಂಪು ಅಕ್ಷರದ ತಲೆಬರಹ ಬಿಳಿ ಹಾಳೆಯೊಳಗೆ ಕರಗಿ ಹೋಗಿತ್ತು. ಪಕ್ಕದ ನೀಲಿ ಸಾಲು ಕಪ್ಪಗೆ ಎದ್ದು ಕಾಣುತ್ತಿತ್ತು. ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡದಿರಲಿ ಅಂತ ಕೆಂಪು ಬೆಳಕು ಬಂತು, ಆ ಬೆಳಕಿಗೆ ತಕ್ಕ ಹಾಗೆ ಚಾರ್ಟಿನ ಬಣ್ಣವನ್ನೂ ಯೋಚಿಸಬೇಕಾಯಿತು. ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಬೇಕು. ಟಾರ್ಚ್ ಯಾರು ಕೊಟ್ಟರು, ಗೆರೆ ಕಾಣದಾಗ ಕೈ ಏನು ಮಾಡಿತು, ಪಕ್ಕದಲ್ಲಿದ್ದ ಗುರುಗಳು ಏನಂದರು, ಎಲ್ಲ ಹೇಳಿ.

ಕಡೆಯ ಪುಟದ ‘ಸುರಕ್ಷತೆಯೇ ಮೊದಲು’ ಉಪದೇಶ ತೆಗೆಯಿರಿ. ಆ ಜಾಗಕ್ಕೆ ನೀವು ಬರೀ ಹೆಸರು ಹೇಳಿ ಬಿಟ್ಟ, ಕಾಲಿ ನಗರಕ್ಕೆ ಹೊರಟಿದ್ದ ವಿಮಾನದ ಅಪಘಾತ ಬರಲಿ. 1995ರ ಡಿಸೆಂಬರ್ 20, ಕೊಲಂಬಿಯಾ. ಚಾರ್ಟಿನಲ್ಲಿ ರೋಝೋ ಬೀಕನ್ನಿನ ಗುರುತು ಆರ್ ಅನ್ನುವ ಒಂದೇ ಅಕ್ಷರ. ವಿಮಾನದ ಕಂಪ್ಯೂಟರಿನಲ್ಲಿ ಆರ್ ಒತ್ತಿದರೆ ಸಿಕ್ಕಿದ್ದು ಬೊಗೋಟಾ ಕಡೆಯ ರೋಮಿಯೋ ಬೀಕನ್. ರೋಝೋ ಬೇಕಿದ್ದರೆ ಪೂರ್ತಿ ಹೆಸರು ಟೈಪ್ ಮಾಡಬೇಕಿತ್ತು. ವಿಮಾನ ಎಡಕ್ಕೆ ತಿರುಗಿತು. ಸರಿಮಾಡಿಕೊಳ್ಳುವಷ್ಟರಲ್ಲಿ ಬೆಟ್ಟ ಬಂತು. 163 ಜನರಲ್ಲಿ ಉಳಿದವರು ನಾಲ್ಕೇ ಮಂದಿ. ಕಾರಣ ಅದೊಂದೇ ಅಲ್ಲ ಅನ್ನೋದನ್ನೂ ಬರೆಯಿರಿ. ಆದರೆ ಕಾಗದ ಒಂದು ಹೇಳಿ ಯಂತ್ರ ಇನ್ನೊಂದು ಹೇಳಿದಾಗ ಓದುವವನ ಗತಿ ಏನು ಅಂತ ಕೇಳಲು ನಿಮಗೆ ಹಕ್ಕಿದೆ, ನೀವೂ ಆ ಸೀಟಿನಲ್ಲಿ ಕೂರುವವರು.

1,200 ಪದ ಮೀರದಿರಲಿ. ಒಳಪುಟ ನಮ್ಮದು ಕಪ್ಪು ಬಣ್ಣ ಮಾತ್ರ, ಹಾಗಾಗಿ ಚಾರ್ಟಿನ ಫೋಟೋ ಕಳಿಸಬೇಡಿ, ಗೆರೆಗಳೆಲ್ಲ ಒಂದರೊಳಗೊಂದು ಸೇರಿಬಿಡುತ್ತವೆ. ಚಕ್ರ, ಬೀದರಿನ ಗೆರೆ, ಆ ಚಿಕ್ಕ ಚೌಕ, ಇವಿಷ್ಟನ್ನು ಬಿಳಿ ಹಾಳೆಯ ಮೇಲೆ ದಪ್ಪ ಪೆನ್ನಿನಲ್ಲಿ ಬಿಡಿಸಿ ಕೊಡಿ. ಊರಿಗೆ ಬಂದಾಗ ಕಚೇರಿಗೆ ಬನ್ನಿ, ಕೂತು ಒಟ್ಟಿಗೇ ತಿದ್ದೋಣ.

ನಿಮ್ಮ,
ಸಂಪಾದಕ